ಪಿಯುಸಿ ಆದ ಮೇಲೆ ಸಂಬಳದ ಜೊತೆ ಡಿಗ್ರಿ: ಅರ್ಜಿ ಹಾಕೋಕೆ ಮುಂಚೆ ಏನೇನು ಕೇಳಬೇಕು?

ನಿಟುವಳ್ಳಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ನಿಟುವಳ್ಳಿಯವಳು. ಈ ವರ್ಷ ಸೆಕೆಂಡ್ ಪಿಯು ಮುಗೀತು, ಪಿಸಿಎಂಸಿ, 81 ಪರ್ಸೆಂಟ್. ಸಿಇಟಿ ರ‍್ಯಾಂಕ್ ಚೆನ್ನಾಗಿ ಬರಲಿಲ್ಲ. ಕಂಪ್ಯೂಟರ್ ಸೈನ್ಸೇ ಬೇಕು ಅಂದ್ರೆ ಮ್ಯಾನೇಜ್‌ಮೆಂಟ್ ಸೀಟೇ ಗತಿ, ಅದು ನಮ್ಮನೆಗೆ ಆಗೋ ಮಾತಲ್ಲ. ಅಪ್ಪ ಮಂಡಕ್ಕಿ ಭಟ್ಟೀಲಿ ಕೆಲಸ ಮಾಡ್ತಾರೆ. ಅವ್ವ ಮನೇಲೇ ಬ್ಲೌಸ್ ಹೊಲೀತಾಳೆ. ತಮ್ಮ ಎಂಟನೇ ಕ್ಲಾಸು.

ಕೆಲವು ಐಟಿ ಕಂಪನಿಗಳು ಪಿಯುಸಿ ಆದವರನ್ನೇ ತಗೊಂಡು, ಟ್ರೈನಿಂಗ್ ಕೊಟ್ಟು, ಕೆಲಸ ಮಾಡ್ತಾ ಮಾಡ್ತಾ ಡಿಗ್ರಿನೂ ಓದಿಸ್ತಾವೆ ಅಂತ ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಹೇಳಿದ್ರು. ಒಂದು ಕಡೆ ಫಾರ್ಮ್ ಓಪನ್ ಇದೆ, ಮುಂದಿನ ಶುಕ್ರವಾರ ಕೊನೇ ದಿನ. ಅಪ್ಪ "ದುಡ್ಡಿನ ಚಿಂತೆ ನಂದು, ನೀನು ಓದು" ಅಂತಾರೆ. ಅವ್ವಂಗೆ ಬೆಂಗಳೂರು ಅಂದ್ರೇನೇ ಭಯ. ನನಗೆ ಹೋಗೋ ಆಸೆ ಇದೆ, ಆದ್ರೆ ಏನು ಕೇಳಬೇಕು ಅಂತಾನೇ ಗೊತ್ತಾಗ್ತಿಲ್ಲ. ಆ ಡಿಗ್ರಿ ನಿಜವಾದ ಡಿಗ್ರೀನಾ? ನಾಳೆ ಎಂಸಿಎ ಓದಬಹುದಾ, ಕೆಪಿಎಸ್‌ಸಿ ಬರೀಬಹುದಾ? ಇಲ್ಲಿ ಬಿಸಿಎಗೂ ಅರ್ಜಿ ಹಾಕಿ ಇಟ್ಕೋಬೇಕಾ? ಫಾರ್ಮ್‌ನಲ್ಲಿ "ಈ ಕೋರ್ಸಿಗೆ ಯಾಕೆ ಸೇರಬೇಕು ಅಂತೀರಿ" ಅಂತ ಒಂದು ಬಾಕ್ಸ್ ಇದೆ, 150 ಪದ. ಮೂರು ದಿನದಿಂದ ಖಾಲಿ ಬಿಟ್ಟಿದ್ದೀನಿ.

ದುರ್ಗದ ಮೇಷ್ಟ್ರು:
ಮಗಳೇ, ನಾನು ಚಿತ್ರದುರ್ಗದಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲು ಒಂದು ಮಾತು ಮನಸ್ಸಿಗೆ ತಂದುಕೋ. ಇದು ಕಾಲೇಜು ಸೀಟಿನ ಅರ್ಜಿ ಅಲ್ಲ, ಕೆಲಸದ ಅರ್ಜಿ. ಇಲ್ಲಿ ರ‍್ಯಾಂಕ್ ಪಟ್ಟಿ ಇಲ್ಲ, ಕೌನ್ಸೆಲಿಂಗ್ ಇಲ್ಲ. ಕಂಪನಿ ನಿನ್ನನ್ನು ಆರಿಸಿಕೊಳ್ಳುತ್ತದೆ, ನೀನು ಒಪ್ಪಂದಕ್ಕೆ ಸಹಿ ಹಾಕುತ್ತೀಯ, ಡಿಗ್ರಿ ಅದರ ಹಿಂದೆ ಬರುತ್ತದೆ. ಹಾಗಾಗಿ ಕಾಲೇಜಿನಲ್ಲಿ ಕೇಳುವ ಪ್ರಶ್ನೆ ಬಿಟ್ಟು ಕೆಲಸಕ್ಕೆ ಸೇರುವವರು ಕೇಳುವ ಪ್ರಶ್ನೆ ಕೇಳಬೇಕು.

ಈ ದಾರಿ ಹೊಸದೇನಲ್ಲ. ವಿಪ್ರೋ 1990ರ ದಶಕದಲ್ಲೇ ಬಿಎಸ್ಸಿ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡು ಬಿಟ್ಸ್ ಪಿಲಾನಿ ಜೊತೆ ಸೇರಿ ಮುಂದೆ ಓದಿಸುತ್ತಿತ್ತು. ಪಿಯುಸಿ ಆದವರಿಗೆ ಎಚ್‌ಸಿಎಲ್‌ನ ಟೆಕ್‌ಬೀ 2017ರಲ್ಲಿ ಶುರುವಾಯಿತು: ಮೊದಲು ತರಬೇತಿ, ಆಮೇಲೆ ಕೆಲಸ, ಕೆಲಸದ ಜೊತೆಗೆ ಪಾಲುದಾರ ವಿಶ್ವವಿದ್ಯಾಲಯದಿಂದ ಡಿಗ್ರಿ. ಇನ್ನೊಂದು ದಾರಿ ಕಾಲೇಜಿನ ಕಡೆಯಿಂದ. ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ, 2020ರಲ್ಲಿ ಮಾರ್ಗಸೂಚಿ ತಂದಿತು. ಅದರಲ್ಲಿ ನೀನು ಕಾಲೇಜಿನ ವಿದ್ಯಾರ್ಥಿಯೇ ಆಗಿದ್ದು, ಕನಿಷ್ಠ ಒಂದು ಸೆಮಿಸ್ಟರ್ ಕಂಪನಿಯಲ್ಲಿ ಸ್ಟೈಪೆಂಡ್ ತೆಗೆದುಕೊಂಡು ಕೆಲಸ ಕಲಿಯುತ್ತೀಯ. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಇಂಥ ಕೋರ್ಸು ಬಂದಿವೆ.

ನಿನ್ನ ಡಿಗ್ರಿ ಪ್ರಶ್ನೆಗೆ ಬರುತ್ತೇನೆ. ಬಿಸಿಎ, ಬಿಎಸ್ಸಿಯಂಥ ಪದವಿ ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಬಂದಿದ್ದರೂ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ "ಕೆಲಸ ಮಾಡುತ್ತಾ ದೂರಶಿಕ್ಷಣದಲ್ಲಿ ಬಿ.ಇ." ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ಹಾಗೆ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಕಠಿಣ ತೀರ್ಪು ಕೊಟ್ಟಿತು. ವರ್ಷಗಟ್ಟಲೆ ನೌಕರಿ ಮಾಡಿದವರ ಪದವಿಗೂ ಸಂಚಕಾರ ಬಂತು. ವಿಶ್ವವಿದ್ಯಾಲಯದ ಹೆಸರು, ಕೋರ್ಸಿನ ಹೆಸರು, ಎರಡನ್ನೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀನೇ ನೋಡು. ಇನ್ನೊಬ್ಬರು ನೋಡಿದ್ದೇವೆ ಎಂದರೆ ಸಾಲದು.

ಬಿಸಿಎಗೂ ಖಂಡಿತ ಅರ್ಜಿ ಹಾಕು. ಕಂಪನಿಯ ಫಲಿತಾಂಶ ಬರುವಷ್ಟರಲ್ಲಿ ಕಾಲೇಜು ಪ್ರವೇಶ ಮುಗಿದಿರುತ್ತದೆ. ಹಾಗೆ ವರ್ಷ ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ.

ಚಳ್ಳಕೆರೆ ಶೇಂಗಾ:
ತಂಗೀ, ನಾನು ಓದಿದೋನಲ್ಲ, ಎಣ್ಣೆ ಮಿಲ್ಲಿಗೆ ಶೇಂಗಾ ಹಾಕೋ ರೈತ. ನನ್ ಮಗನ ಕತೆ ಹೇಳ್ತೀನಿ, ಕೇಳು. ಹೋದ ವರ್ಷ ದಾವಣಗೆರೇಲಿ ಒಂದು ಆಫೀಸ್‌ನೋರು ಫೋನ್ ಮಾಡಿದ್ರು. ನಿಮ್ ಹುಡುಗ ಸೆಲೆಕ್ಟ್ ಆಗ್ಯಾನೆ, ದೊಡ್ಡ ಕಂಪನಿ, ಓದೂ ಐತಿ ಸಂಬಳಾನೂ ಐತಿ, ರಿಜಿಸ್ಟ್ರೇಷನ್‌ಗೆ 12,000 ಕಟ್ಟಿ ಅಂದ್ರು. ಟೆಸ್ಟ್ ಬರೆದಿಲ್ಲ, ಇಂಟರ್‌ವ್ಯೂ ಆಗಿಲ್ಲ, ಸೆಲೆಕ್ಟ್ ಹೆಂಗಾತು ಅಂತ ನಮ್ಗೆ ಹೊಳೀಲೇ ಇಲ್ಲ. ಶೇಂಗಾ ಮಾರಿದ ದುಡ್ಡು ಕೈಯಾಗಿತ್ತು, ಕಟ್ಟಿಬಿಟ್ವಿ. ಆಮೇಲೆ ಸಮವಸ್ತ್ರಕ್ಕೆ ಅಂತ 4,500. ಮೂರನೇ ಸಲ ಲ್ಯಾಪ್‌ಟಾಪ್ ಡಿಪಾಜಿಟ್ ಅಂದಾಗ ಮಗನೇ ಬೇಡ ಅಪ್ಪ ಅಂದ. ಹೋಗಿ ನೋಡಿದ್ರೆ ಆಫೀಸಿಗೆ ಬೀಗ.

ಹುಡುಗ ಆರು ತಿಂಗ್ಳು ಯಾರ ಜೊತೀಗೂ ಸರಿಯಾಗಿ ಮಾತಾಡ್ಲಿಲ್ಲ ಕಣಮ್ಮ. ದುಡ್ಡು ಹೋಗಿದ್ದಕ್ಕಿಂತ ಅದು ನಂಗೆ ಜಾಸ್ತಿ ಸಂಕಟ. ಈಗ ಬಿಸಿಎ ಓದ್ತಾ ಅದಾನೆ. ಕಂಪನಿಯೋರ ಸ್ವಂತ ವೆಬ್‌ಸೈಟ್‌ನಾಗೇ ಅರ್ಜಿ ಹಾಕು. ನಡುವೆ ಯಾವ ಆಫೀಸೂ ಬ್ಯಾಡ, ಯಾವ ಸರ್ರೂ ಬ್ಯಾಡ.

ನಿಟುವಳ್ಳಿ ಹುಡುಗಿ:
ಅಣ್ಣ, ಓದಿ ಹೊಟ್ಟೆ ಚುರ್ ಅಂತು. ನಿಮ್ಮ ಮಗನಿಗೆ ಒಳ್ಳೇದಾಗಲಿ. ನಾನು ನೋಡಿರೋದು ಕಂಪನಿಯ ವೆಬ್‌ಸೈಟಲ್ಲೇ. ಅರ್ಜಿಗೆ ದುಡ್ಡಿಲ್ಲ. ಆದ್ರೆ ಸೆಲೆಕ್ಟ್ ಆದ್ಮೇಲೆ ಟ್ರೈನಿಂಗ್ ಫೀ ಅಂತ ಒಂದು ಸಾಲು ಇದೆ, ಎಷ್ಟು ಅಂತ ಬರೆದಿಲ್ಲ. ಎರಡು ವರ್ಷ ಕೆಲಸ ಬಿಡೋ ಹಾಗಿಲ್ಲ ಅಂತಾನೂ ಇದೆ. ನನಗೆ 18 ತುಂಬೋದು ಸೆಪ್ಟೆಂಬರ್‌ಗೆ.

ಕೋರ್ಟ್ ರಸ್ತೆ:
ವಕೀಲನಾಗಿ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದರೂ ಓದಿ.

18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ ಎಂಬುದು 1903ರ ಮೊಹೋರಿ ಬೀಬಿ ಪ್ರಕರಣದಿಂದ ನೆಲೆನಿಂತ ವಿಷಯ. ಅದಕ್ಕೇ ಇಂಥ ಕಡೆ ತಂದೆ ಅಥವಾ ತಾಯಿಯ ಸಹಿ ಕೇಳುತ್ತಾರೆ. ಅಲ್ಲಿ ನಿಮ್ಮ ತಂದೆ ಬರೀ ಪೋಷಕರಾಗಿ ಸಹಿ ಹಾಕುತ್ತಿದ್ದಾರೋ, ಇಲ್ಲಾ ಜಾಮೀನುದಾರರಾಗಿಯೋ ಎಂದು ನೋಡಿ. ಜಾಮೀನು ಎಂದಿದ್ದರೆ ನೀವು ಬಿಟ್ಟ ದಿನ ನೋಟಿಸ್ ಬರುವುದು ಅವರ ಹೆಸರಿಗೆ.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆದುಕೊಡುವುದೇ ಬಾಂಡ್. "ಬಾಂಡ್ ಯಾವುದೂ ಕೋರ್ಟಿನಲ್ಲಿ ನಿಲ್ಲಲ್ಲ" ಎಂದು ಸ್ನೇಹಿತರು ಹೇಳುತ್ತಾರೆ, ನಂಬಬೇಡಿ. ಕಂಪನಿ ನಿಮ್ಮ ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದರೆ ಸಮಂಜಸ ಅನ್ನಿಸುವಷ್ಟು ಪರಿಹಾರ ಕೇಳಬಹುದು. ಬರೆದಿರುವ ಮೊತ್ತ ಗರಿಷ್ಠ ಮಿತಿ, ಅಷ್ಟನ್ನೂ ಕೋರ್ಟು ಕೊಡಿಸಲೇಬೇಕೆಂದೇನೂ ಇಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಸರ್ಕಾರಿ ಬ್ಯಾಂಕಿನ ಮೂರು ವರ್ಷದ, 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿಯಿತು. ಹಾಗಾಗಿ ಸಹಿ ಹಾಕಿದರೆ ಪಾಲಿಸುವ ಮನಸ್ಸಿನಿಂದಲೇ ಹಾಕಿ.

ಇನ್ನೊಂದು. ಕಾಗದದಲ್ಲಿ ನಿಮ್ಮನ್ನು "ಉದ್ಯೋಗಿ" ಎಂದು ಕರೆದಿದ್ದಾರೋ "ಅಪ್ರೆಂಟಿಸ್" ಎಂದೋ? 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಪಿಎಫ್ ಮೊದಲಾದವು ಅಲ್ಲೇ ಬೇರೆಯಾಗುತ್ತವೆ. ಮೂಲ ಅಂಕಪಟ್ಟಿ ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ಪ್ರತಿ ವಾಪಸ್ ತನ್ನಿ.

ಫೀ ಎಷ್ಟು, ಯಾವಾಗ, ಕೆಲಸ ಬಿಟ್ಟರೆ ಎಷ್ಟು, ಡಿಗ್ರಿ ಮಧ್ಯದಲ್ಲಿ ನಿಂತರೆ ಏನು: ಇಷ್ಟನ್ನು ಈಮೇಲ್‌ನಲ್ಲಿ ಕೇಳಿ. ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಶನಿವಾರದ ಕ್ಲಾಸು:
ನಾನು ಹೊಳಲ್ಕೆರೆ ಕಡೆಯವನು. ಇದೇ ಥರದ ಒಂದು ಕೋರ್ಸ್ ಮುಗಿಸಿ ಎರಡು ವರ್ಷ ಆಯ್ತು. ಯಾವ ಕಂಪನಿ ಅಂತ ಹೇಳೋದು ಬೇಡ. ಯಾರೂ ಹೇಳದೆ ಇರೋ ವಿಷಯ ಒಂದಿದೆ, ಅದು ಟೈಮು.

ಸೋಮವಾರದಿಂದ ಶುಕ್ರವಾರ ಕೆಲಸ. ಬೆಳಗ್ಗೆ ಎಂಟಕ್ಕೆ ಪಿಜಿ ಬಿಟ್ರೆ ವಾಪಸ್ ಬರೋದು ರಾತ್ರಿ ಎಂಟು. ಶನಿವಾರ ಇಡೀ ದಿನ ಕ್ಲಾಸು. ಭಾನುವಾರ ಬಟ್ಟೆ ಒಗೆಯೋದು, ಅಸೈನ್‌ಮೆಂಟು. ಮೊದಲ ವರ್ಷ ಊರಿಗೆ ಹೋಗಿದ್ದು ನಾಲ್ಕೇ ಸಲ. ಸೆಮಿಸ್ಟರ್ ಪರೀಕ್ಷೆ ಮತ್ತೆ ಪ್ರಾಜೆಕ್ಟ್ ಡೆಡ್‌ಲೈನ್ ಒಂದೇ ವಾರ ಬಿದ್ದಾಗ ಮ್ಯಾಥ್ಸ್ ಪೇಪರ್ ಹೋಯ್ತು. ರಜೆ ಕೇಳೋಕೆ ಹೆದರಿದ್ದು ನನ್ನ ತಪ್ಪು. ಪರೀಕ್ಷೆಗೆ ರಜೆ ಇದೆ ಅಂತ ಪಾಲಿಸಿಯಲ್ಲೇ ಇತ್ತು, ನಾನು ಓದಿರಲಿಲ್ಲ.

ಹಂಗಂತ ಬೇಡ ಅನ್ನೋದಿಲ್ಲ. ಮೊದಲ ಸ್ಟೈಪೆಂಡ್ ಬಂದ ದಿನ ಅಮ್ಮನ ಅಕೌಂಟಿಗೆ 3,000 ಹಾಕಿದೆ. ಅಮ್ಮ ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ನಲ್ಲಿ ಎಂಟ್ರಿ ಹಾಕಿಸ್ಕೊಂಡು ಬಂದ್ರು. ಆ ಪಾಸ್‌ಬುಕ್ ಈಗಲೂ ದೇವರ ಗೂಡಲ್ಲಿದೆ. ನನ್ನ ಜೊತೆ ಪಿಯುಸಿ ಓದಿದವರು ಬಿ.ಇ. ಮುಗಿಸಿ ಕೆಲಸ ಹುಡುಕೋವಾಗ ನನ್ನ ಹತ್ರ ಡಿಗ್ರಿನೂ ಇತ್ತು, ಅನುಭವಾನೂ ಇತ್ತು, ಸಾಲ ಇರಲಿಲ್ಲ. ಆದ್ರೆ ಕಾಲೇಜ್ ಡೇ, ಗೆಳೆಯರ ಜೊತೆ ಚಂದ್ರವಳ್ಳಿ ಕೆರೆ ದಂಡೇಲಿ ಕೂತ ಸಂಜೆ ಇವೆಲ್ಲ ಅವರ ಹತ್ರ ಇದಾವೆ, ನನ್ನ ಹತ್ರ ಇಲ್ಲ. ತಂಗಿ, ಅದನ್ನೂ ಲೆಕ್ಕಕ್ಕೆ ಹಿಡಿ.

ಲೆಕ್ಕ ಅಂದ ಮೇಲೆ ಇನ್ನೊಂದು. ಸ್ಟೈಪೆಂಡ್ ಎಷ್ಟು ಅಂತಷ್ಟೇ ನೋಡಬೇಡ. ಪಿಜಿ ಬಾಡಿಗೆ, ಬಸ್ಸು, ಊಟ ಕಳೆದು ಎಷ್ಟು ಉಳಿಯುತ್ತೆ ಅಂತ ಬರಿ. ನನಗೆ 10,000 ಬರ್ತಿದ್ದಾಗ ಪಿಜಿಗೇ 6,500 ಹೋಗ್ತಿತ್ತು. ಅಮ್ಮನಿಗೆ 3,000 ಹಾಕಿದ್ದು ಆ ಒಂದು ತಿಂಗಳು ಮಾತ್ರ.

ಹರಿಹರ ಟೂಲ್‌ರೂಮ್:
ತಮ್ಮ ಎಂಟನೇ ಕ್ಲಾಸು ಅಂದಿದ್ದಕ್ಕೆ ಬರೀತಿದ್ದೀನಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ಹರಿಹರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ನೋಡಿ. ಟೂಲ್ ಅಂಡ್ ಡೈ, ಅಂದ್ರೆ ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡೋದರ ಡಿಪ್ಲೊಮಾ: ಮೂರು ವರ್ಷ ಓದು, ನಾಲ್ಕನೇ ವರ್ಷ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಜೊತೆ ತರಬೇತಿ. ಕೈಗೆ ಎಣ್ಣೆ ಮೆತ್ತಿಕೊಳ್ಳೋ ಮನಸ್ಸಿದ್ದವರಿಗೆ ಅದಕ್ಕಿಂತ ಗಟ್ಟಿ ದಾರಿ ನಮ್ಮ ಕಡೆ ಇಲ್ಲ ಅಂತ ನನ್ನ ಅನಿಸಿಕೆ. ಮುಂದೆ ಡಿಸಿಇಟಿ (ಡಿಪ್ಲೊಮಾ ಆದವರ ಸಿಇಟಿ) ಬರೆದು ಬಿ.ಇ. ಎರಡನೇ ವರ್ಷಕ್ಕೇ ಸೇರಬಹುದು. ನಾನು ಅಲ್ಲಿಂದ ಬಂದವನು, ಈಗ ಪೀಣ್ಯದಲ್ಲಿದ್ದೀನಿ.

ಹಿರಿಯೂರು ಬೈಪಾಸ್:
ಬೇರೆ ಪ್ರಶ್ನೆ, ಕ್ಷಮಿಸಿ. ನಮ್ಮ ಅಕ್ಕನ ಮಗನಿಗೆ ಒಬ್ಬ ಏಜೆಂಟ್, ಇಂಗ್ಲೆಂಡಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಇದೆ, ಫೀ ಕಂಪನಿಯೇ ಕಟ್ಟುತ್ತೆ, ಸ್ಟೂಡೆಂಟ್ ವೀಸಾದಲ್ಲಿ ಕಳಿಸ್ತೀನಿ ಅಂತಿದ್ದಾನೆ. ನಿಜಾನಾ?

ಮ್ಯಾನ್‌ಹೈಮ್‌ನಿಂದ:
ಅರ್ಧ ನಿಜ, ಅದಕ್ಕೇ ಅಪಾಯ. ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ 2015ರಿಂದ ಇದೆ. ಹುಡುಗರು ಫೀ ಕಟ್ಟಬೇಕಿಲ್ಲ, ಸಂಬಳ ಬರುತ್ತದೆ, ಅರ್ಜಿ ಹಾಕುವುದು ನೇರವಾಗಿ ಕಂಪನಿಗೆ. ಆದರೆ ಅದು ಅಲ್ಲಿ ಕೆಲಸ ಮಾಡುವ ಹಕ್ಕು ಆಗಲೇ ಇರುವವರಿಗೆ. ಸ್ಟೂಡೆಂಟ್ ವೀಸಾದಲ್ಲಿ ಹೋದವರು ಅಪ್ರೆಂಟಿಸ್ ಆಗುವಂತಿಲ್ಲ. ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು ದಾವಣಗೆರೆ ವಿದ್ಯಾನಗರದವನು, ಜರ್ಮನಿಗೆ ಬಂದು ಒಂಬತ್ತು ವರ್ಷ. ಇಲ್ಲಿ ಇದನ್ನು ಡ್ಯುವಾಲೆಸ್ ಷ್ಟೂಡಿಯುಮ್ ಎನ್ನುತ್ತಾರೆ. ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಇದಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ, ಹೀಗೆ ಮೂರು ವರ್ಷ. ಮೊದಲು ಕಂಪನಿಯ ಒಪ್ಪಂದ ಕೈಗೆ ಬರಬೇಕು, ಆಮೇಲೆ ಸೀಟು. ನಮ್ಮ ತಂಡಕ್ಕೂ ಅಂಥ ಮಕ್ಕಳು ಬರುತ್ತಾರೆ. ಕಲಿಕೆ ಬಹುಪಾಲು ಜರ್ಮನ್ ಭಾಷೆಯಲ್ಲಿ, ಹಾಗಾಗಿ ಪಿಯುಸಿ ಮುಗಿಸಿ ನೇರ ಬರುವುದು ಆಗದ ಮಾತು. ಆದರೆ ಒಂದು ನೋಡಿದ್ದೇನೆ: ತರಗತಿಯ ಮೂರು ತಿಂಗಳಲ್ಲಿ ಯಾವ ಮ್ಯಾನೇಜರೂ ಅವರಿಗೆ ಫೋನ್ ಮಾಡುವುದಿಲ್ಲ. ನಿಟುವಳ್ಳಿ ತಂಗಿ, ನಿನ್ನ ಕಂಪನಿಗೂ ಇದನ್ನೇ ಕೇಳು. ಓದಿಗೆ ಅಂತ ವಾರದಲ್ಲಿ ಎಷ್ಟು ಗಂಟೆ ಬಿಡುತ್ತೀರಿ, ಅದು ಕೆಲಸದ ಗಂಟೆಯೊಳಗಾ, ಹೊರಗಾ?

ದುರ್ಗದ ಮೇಷ್ಟ್ರು:
ಇನ್ನೆರಡು ಮಾತು ಸೇರಿಸುತ್ತೇನೆ. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಪದವಿ ಆರಂಭಿಸಿತು. ಜೆಇಇ ಬೇಡ, ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಬರೆದರೆ ಪ್ರವೇಶ. ಕಡಿಮೆ ಆದಾಯದ ಮನೆಯವರಿಗೆ ಫೀ ರಿಯಾಯಿತಿ ಇದೆ. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಬಿಟ್ಟಿರುವುದರಿಂದ ಊರಲ್ಲೇ ಬಿಸಿಎ ಮಾಡುತ್ತಾ ಇದನ್ನೂ ಓದುವವರಿದ್ದಾರೆ. ಗಣಿತ ಗಟ್ಟಿ ಇರಬೇಕು.

ಮತ್ತೆ, ಬಿಸಿಎ ಮುಗಿಸಿದ ಮೇಲೂ ಬಾಗಿಲು ಮುಚ್ಚುವುದಿಲ್ಲ. ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ನ್ಯಾಟ್ಸ್‌ನ ಪೋರ್ಟಲ್ ಮೂಲಕ ಅಪ್ರೆಂಟಿಸ್ ಆಗಬಹುದು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಎಂದಿತ್ತು, ಹೆಚ್ಚಿಸಬೇಕೆಂಬ ಶಿಫಾರಸು 2025ರಲ್ಲಿ ಆಗಿದೆ. ಅಂದರೆ ಶುಕ್ರವಾರವೇ ಬದುಕಿನ ಕೊನೆಯ ಬಸ್ಸು ಎಂದುಕೊಂಡು ಗಾಬರಿಯಲ್ಲಿ ಸಹಿ ಹಾಕಬೇಡ.

ಜಗಳೂರು ಅಕ್ಕ:
150 ಪದದ ಬಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಬೆಂಗಳೂರಲ್ಲಿ ಫ್ರೆಶರ್‌ಗಳ ಇಂಟರ್‌ವ್ಯೂ ಮಾಡೋದು ನನ್ನ ಕೆಲಸದಲ್ಲಿ ಒಂದು ಭಾಗ. ನಾನೂ ಹತ್ತನೇವರೆಗೆ ಕನ್ನಡ ಮೀಡಿಯಂ.

ಆ ಬಾಕ್ಸಲ್ಲಿ ನೂರಕ್ಕೆ ತೊಂಬತ್ತು ಜನ ಬರೆಯೋದು ಒಂದೇ: ಚಿಕ್ಕಂದಿನಿಂದ ಕಂಪ್ಯೂಟರ್ ಅಂದ್ರೆ ಇಷ್ಟ, ನಿಮ್ಮದು ದೊಡ್ಡ ಕಂಪನಿ, ಕಷ್ಟಪಟ್ಟು ಕೆಲಸ ಮಾಡ್ತೀನಿ. ಓದಿದ ಮರುಕ್ಷಣ ಮರೆತು ಹೋಗುತ್ತೆ. ನಮಗೆ ಬೇಕಾಗಿರೋದು ನೀನು ಮಾಡಿದ ಒಂದು ಕೆಲಸ. ಎಷ್ಟೇ ಸಣ್ಣದಾಗಲಿ. ಏನು ತೊಂದರೆ ಇತ್ತು, ನೀನು ಏನು ಮಾಡಿದೆ, ಏನು ಬದಲಾಯ್ತು. ನಿನ್ನ ಹತ್ರ ಅಂಥದ್ದು ಏನಿದೆ ಪುಟ್ಟಿ? ಶಾಲೆದೇ ಆಗಬೇಕು ಅಂತಿಲ್ಲ.

ನಿಟುವಳ್ಳಿ ಹುಡುಗಿ:
ಅಕ್ಕಾ, ಹೇಳ್ಕೊಳ್ಳೋ ಅಂಥದ್ದು ಏನೂ ಇಲ್ಲ. ಒಂದಿದೆ, ಆದ್ರೆ ಅದು ಕಂಪ್ಯೂಟರ್ ವಿಷಯಾನೋ ಅಲ್ವೋ ಗೊತ್ತಿಲ್ಲ. ಭಟ್ಟೀಲಿ ಅಪ್ಪಂಗೆ ಕೂಲಿ ಚೀಲದ ಲೆಕ್ಕದಲ್ಲಿ. ವಾರಕ್ಕೊಮ್ಮೆ ಬಟವಾಡೆ. ಅಪ್ಪ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಹಾಕಿ ಇಡ್ತಿದ್ರು, ಮಾಲೀಕರು ಪುಸ್ತಕದಲ್ಲಿ. ಎರಡೂ ಹೊಂದ್ತಿರಲಿಲ್ಲ, ವಾರವಾರ ಜಗಳ. ಫಸ್ಟ್ ಪಿಯುನಲ್ಲಿದ್ದಾಗ ನಾನು ಅಪ್ಪನ ಫೋನಲ್ಲಿ ಒಂದು ಶೀಟ್ ಮಾಡಿದೆ. ದಿನ, ಎಷ್ಟು ಚೀಲ ಅಕ್ಕಿ ಹೋಯ್ತು, ಎಷ್ಟು ಚೀಲ ಮಂಡಕ್ಕಿ ಬಂತು, ಕೂಲಿ. ಅಪ್ಪಂಗೆ ಟೈಪ್ ಮಾಡೋಕೆ ಬರಲ್ಲ, ಅದಕ್ಕೆ ರಾತ್ರಿ ನಂಗೆ ವಾಯ್ಸ್ ಮೆಸೇಜ್ ಕಳಿಸ್ತಾರೆ, ನಾನು ತುಂಬ್ತೀನಿ. ನಾಲ್ಕು ತಿಂಗಳಾದ್ಮೇಲೆ ಮಾಲೀಕರೇ ಬೇರೆ ಮೂರು ಜನರ ಲೆಕ್ಕಾನೂ ಹಾಕಿಕೊಡು ಅಂದ್ರು. ಈಗ ಜಗಳ ಇಲ್ಲ.

ಜಗಳೂರು ಅಕ್ಕ:
ಇದೇ. ಇದನ್ನೇ ಬರಿ. ಇದು ಡೇಟಾ ಎಂಟ್ರಿ ಅಂತ ಅಂದ್ಕೋಬೇಡ. ಟೈಪ್ ಮಾಡೋಕೆ ಬರದ ಮನುಷ್ಯನಿಗೆ ದನಿಯ ದಾರಿ ಮಾಡಿಕೊಟ್ಟಿದ್ದೀಯಲ್ಲ, ನಾವು ಆಫೀಸಲ್ಲಿ ದಿನಾ ತಲೆ ಕೆಡಿಸಿಕೊಳ್ಳೋದು ಅದಕ್ಕೇ. ಮೊದಲ ಸಾಲಲ್ಲೇ ಭಟ್ಟಿ ಬರಲಿ. ಕೊನೇಲಿ, ಇದರಲ್ಲಿ ನಿನಗೆ ಇನ್ನೂ ಮಾಡೋಕೆ ಆಗದೆ ಇರೋದು ಏನು ಅಂತ ಒಂದು ಸಾಲು ಬರಿ. ನೀನು ಓದಬೇಕು ಅಂತಿರೋದು ಅದಕ್ಕೇ ತಾನೆ.

ಇಂಟರ್‌ವ್ಯೂಗೆ ಕರೆದ್ರೆ ಆ ಶೀಟ್ ಬಗ್ಗೆ ಕೇಳೇ ಕೇಳ್ತಾರೆ. ಒಂದು ದಿನ ಲೆಕ್ಕ ತಪ್ಪಿದ್ರೆ ಹೆಂಗೆ ಹಿಡೀತೀಯ, ಫೋನ್ ಕಳೆದ್ರೆ ಏನು ಗತಿ, ಮೂವತ್ತು ಜನರದ್ದು ಮಾಡ್ಬೇಕಾದ್ರೆ ಏನು ಬದಲಾಯಿಸ್ತೀಯ. ಈ ಮೂರಕ್ಕೆ ಇಂಗ್ಲಿಷಲ್ಲಿ ಜೋರಾಗಿ ಹೇಳಿ ಹೇಳಿ ಅಭ್ಯಾಸ ಮಾಡು. ವ್ಯಾಕರಣ ತಪ್ಪಿದ್ರೂ ಪರವಾಗಿಲ್ಲ, ನಿಲ್ಲಿಸಬೇಡ. ಟೆಸ್ಟ್‌ನಲ್ಲಿ ಬರೋದು ಶೇಕಡಾವಾರು, ಅನುಪಾತ, ಸರಣಿ, ಸ್ವಲ್ಪ ಇಂಗ್ಲಿಷ್ ಓದಿ ಉತ್ತರಿಸೋದು. ಪಿಯು ಮಟ್ಟ ದಾಟಲ್ಲ, ಆದ್ರೆ ಟೈಮ್ ಸಾಲಲ್ಲ. ಗಡಿಯಾರ ಇಟ್ಕೊಂಡು ಮಾಡು.

ನಿಟುವಳ್ಳಿ ಹುಡುಗಿ:
ಬರೆದೆ ಅಕ್ಕಾ. ಕೊನೇ ಸಾಲು ಇದು, ಇಂಗ್ಲಿಷಿಗೆ ಮಾಡ್ಕೊಂಡೆ: "ವಾಯ್ಸ್ ಮೆಸೇಜ್ ಕೇಳಿ ನಾನೇ ಟೈಪ್ ಮಾಡಬೇಕು. ನಾನು ಇಲ್ಲದ ದಿನ ಲೆಕ್ಕ ನಿಲ್ಲುತ್ತೆ. ನಾನು ಇಲ್ಲದಿದ್ದರೂ ಅದು ನಡೆಯೋ ಹಾಗೆ ಮಾಡೋದನ್ನ ಕಲೀಬೇಕು."

ಜಗಳೂರು ಅಕ್ಕ:
ಒಂದಕ್ಷರ ಮುಟ್ಟಬೇಡ. ಕಳಿಸು.

ನಿಟುವಳ್ಳಿ ಹುಡುಗಿ:
ಎಲ್ಲರಿಗೂ ಅಪ್ಡೇಟ್. ಬುಧವಾರ ರಾತ್ರಿನೇ ಅರ್ಜಿ ಹಾಕಿದೆ. ಬಿಸಿಎಗೂ ಇವತ್ತು ಕಾಲೇಜಲ್ಲಿ ಅರ್ಜಿ ಕೊಟ್ಟು ಬಂದೆ, ಅಪ್ಪಾನೂ ಜೊತೇಲಿ ಬಂದಿದ್ರು. ಕಂಪನಿಗೆ ಈಮೇಲ್ ಮಾಡಿದ್ದಕ್ಕೆ ಉತ್ತರ ಬಂತು. ಡಿಗ್ರಿ ಕೊಡೋ ವಿಶ್ವವಿದ್ಯಾಲಯದ ಹೆಸರು ಕೊಟ್ಟಿದ್ದಾರೆ, ಯುಜಿಸಿ ಪಟ್ಟಿಯಲ್ಲಿ ಹೆಸರೂ ಇದೆ, ಬಿಸಿಎ ಕೋರ್ಸೂ ಇದೆ. ಟ್ರೈನಿಂಗ್ ಫೀ ಸಂಬಳದಿಂದ ಕಂತಲ್ಲಿ ಹಿಡೀತಾರಂತೆ. ಓದಿಗೆ ಅಂತ ಕೆಲಸದ ಗಂಟೆಯೊಳಗೆ ಟೈಮ್ ಇಲ್ಲ, ಕ್ಲಾಸು ಶನಿವಾರ ಮಾತ್ರ. ಪರೀಕ್ಷೆಗೆ ರಜೆ ಇದೆ.

ಒಪ್ಪಂದದ ಮಾದರಿ ಪ್ರತಿನೂ ಕಳಿಸಿದ್ರು. ರಾತ್ರಿ ಕೂತು ಅಪ್ಪಂಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ, ಅವ್ವ ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳ್ತಿದ್ಲು. ಎಲ್ಲಾ ಆದ್ಮೇಲೆ ಅಪ್ಪ ಕೇಳಿದ್ದು ಒಂದೇ: "ಹುಷಾರಿಲ್ದೆ ವಾಪಸ್ ಬಂದ್ರೂ ದುಡ್ಡು ಕಟ್ಬೇಕಾ?" ಅದು ಎಲ್ಲೂ ಬರೆದಿಲ್ಲ.

ಕೋರ್ಟ್ ರಸ್ತೆ:
ನಾನು ಹೇಳಬೇಕಾಗಿದ್ದ ಪ್ರಶ್ನೆ, ನಿಮ್ಮ ತಂದೆ ಕೇಳಿದರು. ಇವತ್ತೇ ಈಮೇಲ್ ಮಾಡಿ. ವೈದ್ಯಕೀಯ ಕಾರಣದಿಂದ ಬಿಟ್ಟರೆ ವಸೂಲಿ ಇಲ್ಲ ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸುತ್ತೀರಾ ಎಂದು ಕೇಳಿ. ಜಾಮೀನಿನ ವಿಷಯ ಏನಿದೆ?

ನಿಟುವಳ್ಳಿ ಹುಡುಗಿ:
ಪೋಷಕರು ಅಂತ ಮಾತ್ರ ಇದೆ ಸರ್, ಜಾಮೀನು ಅಂತಿಲ್ಲ. ಈಮೇಲ್ ಈಗಷ್ಟೇ ಕಳಿಸಿದೆ. ಆನ್‌ಲೈನ್ ಟೆಸ್ಟ್ ಮುಂದಿನ ಗುರುವಾರ ಬೆಳಗ್ಗೆ 10ಕ್ಕೆ.

ಶನಿವಾರದ ಕ್ಲಾಸು:
ಅವತ್ತು ಕರೆಂಟ್ ಹೋದ್ರೆ ಅಂತ ಫೋನ್ ಹಾಟ್‌ಸ್ಪಾಟ್ ರೆಡಿ ಇಟ್ಕೋ. ಲ್ಯಾಪ್‌ಟಾಪ್ ಇದೆಯಾ?

ನಿಟುವಳ್ಳಿ ಹುಡುಗಿ:
ಇಲ್ಲ ಅಣ್ಣ. ಭಟ್ಟಿ ಮಾಲೀಕರ ಮಗಂದು ಕೊಡ್ತೀನಿ ಅಂದಿದ್ದಾರೆ. ಗುರುವಾರ ಅವರ ಮನೇಲೇ ಕೂತು ಬರೀತೀನಿ.